ಮೆತ್ತಿನ ಹಲಗೆ ನೆಲಕ್ಕಿಳಿದ ಕತೆ

ನಮ್ಮ ಸೊರಬದ ಕಡೆ ಹೊಸ ಮನೆ ಕಟ್ಟಿಸುವವರ ಬಾಯಲ್ಲಿ ಈಗೀಗ ಒಂದು ಮಾತು ಬರ್ತಾ ಇದೆ: "ಒಂದು ಕೋಣೆಗಾದ್ರೂ ಮರದ ನೆಲ ಹಾಕ್ಸಣ." ಬೆಂಗಳೂರಲ್ಲಿ ಮಗಳ ಮನೆಗೋ, ಅಮೆರಿಕದಲ್ಲಿ ಮಗನ ಮನೆಗೋ ಹೋಗಿ ಬಂದ ಅತ್ತೆ-ಚಿಕ್ಕಮ್ಮಂದಿರು "ಕಾಲಿಗೆ ಥಂಡಿ ಅನ್ನೋದೇ ಇಲ್ಲ ಮಾರಾಯ್ತಿ" ಅಂತ ಹೇಳಿದ್ದೇ ಇದಕ್ಕೆ ಮೂಲ. ಇನ್ನೊಂದು ಕಡೆ ಹಿರಿಯರ ಉತ್ತರ ತಯಾರಾಗಿರ್ತದೆ: "ನಮ್ಮ ಮಳೆಗಾಲಕ್ಕೆ ನೆಲಕ್ಕೆ ಹಲಗೆ ಹಾಸಿದವರು ಯಾರಾದ್ರೂ ಇದ್ರಾ? ಒರಲೆಗೆ ಊಟ ಬಡಿಸಿದಂಗೆ."

ಎರಡೂ ಮಾತು ಖರೆ. ಮಲೆನಾಡಿನ ಮನೆಗಳಲ್ಲಿ ಕಾಲಡಿಗೆ ಮರ ಇತ್ತು. ಆದ್ರೆ ನೆಲದ ಮೇಲೆ ಇರಲಿಲ್ಲ. ಎಲ್ಲಿ ಇತ್ತು, ಎಲ್ಲಿ ಇರಲಿಲ್ಲ, ಎಂತಕ್ಕೆ ಇರಲಿಲ್ಲ ಅನ್ನೋದು ತಿಳಿದ್ರೆ, ಕಾಂಕ್ರೀಟಿನ ಮೇಲೆ ಹಲಗೆ ಹಾಸೋದು ಹೇಗೆ ಅನ್ನೋದೂ ಅರ್ಧ ತಿಳಿದ ಹಾಗೆ. ಅದಕ್ಕೇ ಈ ಸಲ ನಮ್ಮ ಮನೆಗಳ ನೆಲದ ಕತೆ.

ಮೊದಲು ಮಣ್ಣಿನ ನೆಲ. ಇದನ್ನು ನೋಡಿದವರು, ಬಳಿದವರು ನಮ್ಮಲ್ಲಿ ಇನ್ನೂ ಇದ್ದಾರೆ. ಜಿಗುಟು ಮಣ್ಣು ಹದ ಮಾಡಿ ಹಾಸಿ, ನೀರು ಚಿಮುಕಿಸಿ, ಹಿಡಿಕೆ ಇರೋ ಮರದ ಹಲಗೆಯಿಂದ ದಿನಗಟ್ಟಲೆ ಬಡಿದು, ಬಿರುಕು ಬಿಟ್ಟಲ್ಲಿ ಮತ್ತೆ ಬಡಿದು ಗಟ್ಟಿ ಮಾಡೋದು. ಆಮೇಲೆ ನುಣ್ಣನೆ ಗುಂಡುಕಲ್ಲು ಹಿಡಿದು ತಿಕ್ಕೋದು. ಇಷ್ಟಾದ ಮೇಲೆ ಸಗಣಿ ಬಳಿಯೋ ಕೆಲಸ, ಅದು ಮುಗಿಯೋದೇ ಇಲ್ಲ. ನೆಲ ಕಪ್ಪಗೆ ಮಿರಮಿರ ಅನ್ನಲಿ ಅಂತ ಇದ್ದಿಲ ಪುಡಿ ಬೆರೆಸೋರು. ಟಾರ್ಚ್ ಬಂದ ಮೇಲೆ ಹಳೇ ಬ್ಯಾಟರಿ ಸೆಲ್ಲು ಒಡೆದು ಅದರ ಮಸಿ ಹಾಕಿದ್ರು. ಹಬ್ಬ ಬಂತೂಂದ್ರೆ ಕೆಮ್ಮಣ್ಣು, ಶೇಡಿ. ದೀವರ ಮನೆಗಳ ಹೆಣ್ಣುಮಕ್ಕಳು ಭೂಮಿ ಹುಣ್ಣಿಮೆಗೆ ಬುಟ್ಟಿ ಬಳಿದು ಅದರ ಮೇಲೆ ಎಳೆಯೋ ಚಿತ್ತಾರ, ಮದುವೆಗೆ ಗೋಡೆ ಮೇಲೆ ಬರೆಯೋ ಹಸೆ, ಇವಕ್ಕೂ ಬೇಕಾದದ್ದು ಇದೇ ಕೆಮ್ಮಣ್ಣು, ಅಕ್ಕಿ ಹಿಟ್ಟಿನ ಬಿಳಿ. ಮಣ್ಣು ಬಳಿಯೋ ಕೈಯೇ ಚಿತ್ತಾರ ಬರೆಯೋ ಕೈ.

ಮಣ್ಣಿನ ನೆಲ ಬೆನ್ನು ಮುರೀತಿತ್ತು, ಖರೆ. ಆದ್ರೆ ಅದರಲ್ಲಿ ಒಂದು ಗುಣ ಇತ್ತು. ಆರಿದ್ರೆ ಮಳೆ ಹಿಡಿದ ಮೇಲೆ ಭೂಮಿಯ ತೇವ ಕೆಳಗಿಂದ ಮೇಲೆ ಏರ್ತದೆ. ಮಣ್ಣು ಅದನ್ನು ಹೀರಿಕೊಂಡು ಮೇಲ್ಮೈಯಿಂದ ಗಾಳಿಗೆ ಬಿಡ್ತದೆ. ನೆಲ ಥಂಡಿ ಅನ್ನಿಸ್ತದೆ, ಆದ್ರೆ ಕೊಳೆಯೋದಿಲ್ಲ, ಉಬ್ಬೋದಿಲ್ಲ. ಹಾಳಾದಲ್ಲಿ ಒಂದು ಹಿಡಿ ಮಣ್ಣು ಮೆತ್ತಿದ್ರೆ ಮುಗೀತು. ನೀರು ಬರೋದನ್ನು ತಡೆಯೋಕೆ ಹೋಗದೆ, ಬಂದ ನೀರಿಗೆ ಹೋಗೋ ದಾರಿ ಬಿಟ್ಟ ನೆಲ ಅದು.

ಮರಕ್ಕೆ ಈ ಸಹವಾಸ ಆಗೋದಿಲ್ಲ. ಕೆಳಗಿಂದ ತೇವ, ಮೇಲಿಂದ ಒಣಗಾಳಿ ಸಿಕ್ಕಿದ ಹಲಗೆ ಒಂದು ಮಗ್ಗುಲು ಊದಿಕೊಂಡು ಬಾಗ್ತದೆ. ತೇವ ನಿಂತ ಮರ ಬೂಸ್ಟು ಹಿಡೀತದೆ, ಒರಲೆ ಬರ್ತದೆ. ಹಾಗಾಗಿ ನಮ್ಮ ಬಡಗಿಗಳು ಮರವನ್ನು ಭೂಮಿಗೆ ಮುಟ್ಟಗೊಡ್ತಾ ಇರಲಿಲ್ಲ. ಯಾವ ಹಳೇ ಮನೆಗಾದ್ರೂ ಹೋಗಿ ನೋಡಿ, ಕಂಬದ ಬುಡದಲ್ಲಿ ಕಲ್ಲಿರ್ತದೆ. ಬೆಂಗಳೂರಿನ ಕೋಟೆ ಹತ್ತಿರ ಟಿಪ್ಪುವಿನ ಬೇಸಿಗೆ ಅರಮನೆ ನೋಡಿದೋರಿಗೂ ನೆನಪಿರಬಹುದು. 1781ರಲ್ಲಿ ಹೈದರಾಲಿ ಶುರು ಮಾಡಿಸಿ 1791ರಲ್ಲಿ ಟಿಪ್ಪು ಮುಗಿಸಿದ ಆ ಅರಮನೆಯ ತೇಗದ ಕಂಬಗಳೂ ಕಲ್ಲಿನ ಪೀಠದ ಮೇಲೇ ನಿಂತಿವೆ. ಶಿವಮೊಗ್ಗದಲ್ಲಿ ಶಿವಪ್ಪನಾಯಕನ ಅರಮನೆ ಅಂತ ಕರೆಸಿಕೊಳ್ಳೋದೂ ಮರದ ಕಂಬಗಳ ಮನೆಯೇ. ಹೆಸರು ಕೆಳದಿ ಅರಸರದ್ದು, ಕಟ್ಟಿಸಿದ್ದು 18ನೇ ಶತಮಾನದಲ್ಲಿ ಹೈದರಾಲಿ ಅಂತ ಹೇಳ್ತಾರೆ. ಮಕ್ಕಳನ್ನು ಕರ್ಕೊಂಡು ಹೋದಾಗ ಮೇಲೆ ಮಾತ್ರ ನೋಡಬೇಡಿ, ಕಂಬದ ಬುಡವನ್ನೂ ನೋಡಿ.

ಹಂಗಾದ್ರೆ ಕಾಲಡಿಗೆ ಮರ ಎಲ್ಲಿತ್ತು? ಮೆತ್ತಿನಲ್ಲಿ. ತೊಲೆ, ತೊಲೆ ಮೇಲೆ ಜಂತಿ, ಜಂತಿ ಮೇಲೆ ಹಲಗೆ. ಉಳ್ಳವರ ಮನೇಲಿ ಹೊನ್ನೆ, ಮತ್ತಿ, ನಂದಿ, ಹಲಸಿನ ಹಲಗೆ. ಇಲ್ಲದವರ ಮನೇಲಿ ಅಡಿಕೆ ದಬ್ಬೆ. ಎಷ್ಟೋ ಮನೆಗಳಲ್ಲಿ ಹಲಗೆ ಮೇಲೆ ಮಣ್ಣು ಹಾಸಿ, ಅದಕ್ಕೂ ಸಗಣಿ ಬಳೀತಿದ್ರು. ಮಣ್ಣು ಬೇಸಿಗೆಯ ಸೆಖೆ ತಡೀತಿತ್ತು, ಬೆಂಕಿ ಬಿದ್ರೂ ಒಂದಿಷ್ಟು ಹೊತ್ತು ತಡೀತಿತ್ತು. ಈಗ ನಾವು ಗಟ್ಟಿ ನೆಲ ಕೆಳಗೆ, ಮರ ಮೇಲೆ ಅಂತ ಹೊರಟಿದ್ದೀವಿ. ಅವರು ಮರ ಕೆಳಗೆ, ಗಟ್ಟಿ ನೆಲ ಮೇಲೆ ಮಾಡಿದ್ರು.

ಮೆತ್ತಿನ ಹಲಗೆ ನೂರು ವರ್ಷ ಬಾಳಿದ್ದಕ್ಕೆ ಜಾತಿ ಮರ ಒಂದೇ ಕಾರಣ ಅಲ್ಲ. ಅದಕ್ಕೆ ಎರಡೂ ಕಡೆಯಿಂದ ಗಾಳಿ ಇತ್ತು. ಮತ್ತೆ ಕೆಳಗೆ ನಮ್ಮ ಅಜ್ಜಿಯರ ಒಲೆ ಇತ್ತು. ಮಳೆಗಾಲ ಪೂರ್ತಿ ಒಲೆಯ ಹೊಗೆ, ಬಿಸಿ ಎರಡೂ ಏರಿ ಹಲಗೆ ಒಣಗಿರ್ತಿತ್ತು, ಹುಳ ದೂರ ಇರ್ತಿತ್ತು. ಅಡಿಕೆ, ಬೀಜದ ಭತ್ತ, ಮೆಣಸಿನಕಾಯಿ ಮೆತ್ತಿಗೆ ಹಾಕ್ತಿದ್ದದ್ದೂ ಅದಕ್ಕೇ. ಗ್ಯಾಸ್ ಬಂತು, ಹೆಂಗಸರ ಕಣ್ಣು, ಪುಪ್ಪುಸ ಉಳೀತು. ಅದಕ್ಕೆ ನೂರು ನಮಸ್ಕಾರ. ಆದ್ರೆ ಹೊಗೆ ನಿಂತ ಮೇಲೆ ಹಳೇ ತೊಲೆಗಳಿಂದ ಹಿಟ್ಟು ಉದುರೋಕೆ ಶುರುವಾದ ಮನೆಗಳೂ ಉಂಟು. ಒಂದು ಅನುಕೂಲ ಬಂದಾಗ ಅದರ ಹಿಂದೆ ಪುಕ್ಕಟೆ ನಡೀತಿದ್ದ ಇನ್ನೊಂದು ಕೆಲಸ ನಿಂತುಹೋಗ್ತದೆ.

ಮೆತ್ತು ಬಿಟ್ರೆ ನೆಲದ ಮೇಲೆ ಇದ್ದ ಮರ ಒಂದೇ, ಮಣೆ. ಯೋಚನೆ ಮಾಡಿ ನೋಡಿ, ಮಣೆ ಅಂದ್ರೆ ಎತ್ತಿಡೋ ಮರದ ನೆಲವೇ. ಥಂಡಿ ನೆಲಕ್ಕೂ ಕೂತವರಿಗೂ ನಡುವೆ ಒಂದು ಹಲಗೆ. ಅದಕ್ಕೂ ಅಡಿಗೆ ಎರಡು ಪಟ್ಟಿ ಹೊಡೆದು ನೆಲದಿಂದ ಒಂದಿಷ್ಟು ಎತ್ತರಿಸಿರ್ತಾರೆ, ಅಡಿಗೆ ಗಾಳಿ ಆಡಲಿ ಅಂತ. ಕೆಲಸ ಮುಗಿದ ಮೇಲೆ ಗೋಡೆಗೆ ಒರಗಿಸಿ ಇಡ್ತಾರೆ, ಒಣಗಲಿ ಅಂತ. ಮರದ ನೆಲದ ಶಾಸ್ತ್ರ ಪೂರ್ತಿ ಈ ಮಣೆಯಲ್ಲೇ ಇದೆ. ಮಣೆ ಸಿಕ್ತಿದ್ದದ್ದು ನೆಂಟರಿಗೆ, ಗಂಡಸರಿಗೆ, ಮದುವೆ ದಿನ ಮದುಮಕ್ಕಳಿಗೆ. ಬಡಿಸಿ, ಕೊನೇ ಪಂಕ್ತಿಗೆ ಊಟಕ್ಕೆ ಕೂರೋ ಹೊತ್ತಿಗೆ ನಮ್ಮ ಅಜ್ಜಿಯರು ಬರೀ ನೆಲದ ಮೇಲೇ ಕೂತದ್ದು ಹೆಚ್ಚು.

ಊರಲ್ಲಿ ಕಾಡಿದ್ರೂ ಮರ ಎಲ್ಲರಿಗೂ ಸಿಕ್ತಿರಲಿಲ್ಲ ಅನ್ನೋದನ್ನೂ ಹೇಳಬೇಕು. ಗಂಧದ ಮರ ಟಿಪ್ಪು ಕಾಲದಲ್ಲಿ, 1792ರಲ್ಲೇ, ರಾಜರ ಸೊತ್ತಾಯ್ತು. ನಮ್ಮ ಸೊರಬದ ಗುಡಿಗಾರರು ಗಂಧದಲ್ಲಿ ಕೆತ್ತನೆ ಮಾಡಿ ಲೋಕಕ್ಕೆಲ್ಲ ಹೆಸರಾದ್ರೂ ಮರ ಅವರದ್ದಾಗಿರಲಿಲ್ಲ. ತೇಗ, ಬೀಟೆಗೂ ಕಾನೂನು ಬಂತು. ಈಗಲೂ ಸ್ವಂತ ಹಿತ್ತಲಿನ ತೇಗ ಕಡಿಯಬೇಕಂದ್ರೆ ಅರಣ್ಯ ಇಲಾಖೆಯ ಪರವಾನಗಿ ಬೇಕು. ಭದ್ರಾವತಿಯಲ್ಲಿ 1918ರಲ್ಲಿ ಬೇರು ಬಿಟ್ಟ ಕಬ್ಬಿಣದ ಕಾರ್ಖಾನೆ 1923ರಿಂದ ಕಬ್ಬಿಣ ಕರಗಿಸೋಕೆ ಶುರು ಮಾಡ್ದಾಗ ಅದರ ಕುಲುಮೆಗೆ ಬೇಕಾದದ್ದು ಇದ್ದಿಲು. ಮಲೆನಾಡಿನ ಎಷ್ಟೋ ಮರ ಆ ದಾರಿ ಹಿಡೀತು. ಆಮೇಲೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಕೊಳ್ಳದ ಊರುಗಳು ಮುಳುಗಿದ್ವು. ಅಲ್ಲಿಂದ ಎದ್ದು ಬಂದವರು ಮನೆ ಬಿಚ್ಚಿ, ಕಂಬ, ಬಾಗಿಲು, ಹಲಗೆ ಲಾರಿಗೆ ಹೇರಿಕೊಂಡು ಬಂದ ಕತೆ ಜಿಲ್ಲೆಯ ಬೇಕಾದಷ್ಟು ಮನೆಗಳಲ್ಲಿ ಕೇಳಬಹುದು. ಮಣ್ಣಿನ ನೆಲ ಹೊತ್ತು ತರೋಕಾಗೋದಿಲ್ಲ. ಮರ ಮಾತ್ರ ಜೊತೆಗೆ ಬರ್ತದೆ.

ಇನ್ನು ಕೆಳಗಿನ ನೆಲ ಬದಲಾದ ಕತೆ. ಗುಡಿ, ಅರಮನೆ, ದೊಡ್ಡ ಮನೆಗಳಲ್ಲಿ ಮೊದಲಿಂದಲೂ ಸುಣ್ಣದ ಗಾರೆ ಇತ್ತು. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನವರು ಹೆಂಚಿನ ಕಾರ್ಖಾನೆ ಹಾಕಿದ್ರು. ಮೆಲ್ಲಗೆ ಘಟ್ಟದ ಮೇಲೂ ಮಂಗಳೂರು ಹೆಂಚು ಬಂದು ಹುಲ್ಲಿನ ಮಾಡು ಹೋಯ್ತು. ಮೇಲಿಂದ ಸೋರೋದು ಕಡಿಮೆ ಆದ ಮೇಲೇ ಕೆಳಗೆ ಒಳ್ಳೇ ನೆಲ ಮಾಡಿಸೋ ಆಸೆ ಜನಕ್ಕೆ ಬಂದದ್ದು. ಸಿಮೆಂಟು ಇಂಗ್ಲೆಂಡಿನಲ್ಲಿ 1824ರಲ್ಲೇ ಪೇಟೆಂಟ್ ಆಗಿತ್ತು. ನಮ್ಮ ದೇಶದ ಪೋರಬಂದರಿನಲ್ಲಿ 1914ರಲ್ಲಿ ತಯಾರಾಗೋಕೆ ಶುರುವಾಯ್ತು. ನಮ್ಮ ಹಳ್ಳಿ ಮನೆಯ ಜಗಲಿಗೆ ಅದು ಬರೋ ಹೊತ್ತಿಗೆ ಇನ್ನೂ ಎರಡು ತಲೆಮಾರು ಕಳೀತು. ಬಂದದ್ದು ಕಾವಿ ನೆಲವಾಗಿ. ಸಿಮೆಂಟಿಗೆ ಕೆಂಪು ಬಣ್ಣದ ಪುಡಿ ಬೆರೆಸಿ, ಹಸಿ ಇರೋವಾಗಲೇ ಕರಣೆಯಲ್ಲಿ ತಿಕ್ಕಿ ತಿಕ್ಕಿ ಹೊಳಪು ತರಿಸಿದ ನೆಲ. ಕೊಬ್ಬರಿ ಎಣ್ಣೆ ಹಾಕಿ ಒರೆಸಿದ ಹಾಗೆಲ್ಲ ಅದರ ಬಣ್ಣ ಇಳೀತಾ ಚಂದ ಆಗ್ತಾ ಹೋಗ್ತದೆ. ಸಗಣಿ ಬಳಿಯೋದು ತಪ್ಪಿದ ನಮ್ಮ ತಾಯಂದಿರಿಗೆ ಅದು ಸ್ವರ್ಗ.

ಅಲ್ಲಿಂದ ಮುಂದೆ ಓಟ. ಮೊಸಾಯಿಕ್, ಕಡಪ ಕಲ್ಲು, ಗ್ರಾನೈಟ್, ಈಗ ಕನ್ನಡಿ ಹಂಗೆ ಹೊಳೆಯೋ ವಿಟ್ರಿಫೈಡ್ ಟೈಲ್ಸ್. ಒರೆಸೋದು ಸಲೀಸು, ಕಲೆ ಕೂರೋದಿಲ್ಲ. ಆದ್ರೆ ಮಳೆಗಾಲದಲ್ಲಿ ಕಾಲಿಟ್ರೆ ಮಂಜುಗಡ್ಡೆ. ಅದಕ್ಕಿಂತ ದೊಡ್ಡ ಕಷ್ಟ ಜಾರೋದು. ಗಾಳಿಯಲ್ಲಿ ತೇವ ಹೆಚ್ಚಾದ ದಿನ ಟೈಲ್ಸ್ ಬೆವರ್ತದೆ, ಕಣ್ಣಿಗೆ ಕಾಣೋದೇ ಇಲ್ಲ. ರಾತ್ರಿ ಬಚ್ಚಲಿಗೆ ಹೋಗೋಕೆ ಎದ್ದು, ಸ್ವಂತ ಮನೆಯಲ್ಲೇ ಬಿದ್ದು ಸೊಂಟದ ಮೂಳೆ ಮುರಿದುಕೊಂಡ ಅಜ್ಜಿಯರು ನಮ್ಮ ಕೇರಿಯಲ್ಲೇ ಇದ್ದಾರೆ. ಹಾಸಿಗೆ ಹಿಡಿದ ಮೇಲೆ ಅವರನ್ನು ನೋಡಿಕೊಳ್ಳೋದು ಮತ್ತೆ ಮನೆ ಹೆಂಗಸರೇ. ಹಾಗಾಗಿ ಮರದ ನೆಲದ ಮಾತನ್ನು ಬರೀ ಶೋಕಿ ಅಂತ ತಳ್ಳಿಹಾಕೋಕೆ ನನಗೆ ಮನಸ್ಸಿಲ್ಲ. ಮೊಣಕಾಲು ನೋವಿರೋ ಅಮ್ಮ ಮಲಗೋ ಕೋಣೆಗೆ ಅದು ಅಗತ್ಯವೇ ಇರಬಹುದು.

ಈಗ ಕಾಂಕ್ರೀಟಿನ ಗುಣ ತಿಳ್ಕೊಳ್ಳಬೇಕು. ನೋಡೋಕೆ ಕಲ್ಲು, ಗುಣದಲ್ಲಿ ಸ್ಪಂಜು. ಹಾಕುವಾಗ ಸುರಿದ ನೀರು ಅದರೊಳಗೇ ಇರ್ತದೆ, ಮೆಲ್ಲಗೆ ಹೊರಗೆ ಬರ್ತದೆ. ಕ್ಯೂರಿಂಗ್ ಮುಗಿದ ಮೇಲೆ ಒಂದಿಂಚು ದಪ್ಪಕ್ಕೆ ಒಂದು ತಿಂಗಳು ಅಂತ ಒಣಗೋಕೆ ಬಿಡಬೇಕು ಅನ್ನೋದು ಈ ಕೆಲಸದವರ ಅಂದಾಜು. ನಾಲ್ಕಿಂಚಿನ ನೆಲಕ್ಕೆ ನಾಲ್ಕು ತಿಂಗಳು. ನಮ್ಮ ಮಳೆಗಾಲದ ತಿಂಗಳುಗಳನ್ನು ಆ ಲೆಕ್ಕಕ್ಕೆ ಸೇರಿಸಲೇಬೇಡಿ. ಗೃಹಪ್ರವೇಶದ ಮುಹೂರ್ತ ಇಟ್ಟಾಯ್ತು ಅಂತ ಹಸಿ ನೆಲದ ಮೇಲೆ ಹಲಗೆ ಹಾಸಿದ್ರೆ, ಆ ನೀರಿಗೆ ಹೋಗೋಕೆ ಮರ ಬಿಟ್ರೆ ಬೇರೆ ದಾರಿ ಇರೋದಿಲ್ಲ.

ಇನ್ನೊಂದು, ಸ್ಲ್ಯಾಬಿನಲ್ಲಿ ಎರಡು ಜಾತಿ. ಭೂಮಿಯ ಮೇಲೇ ಕೂತ ಕೆಳಗಿನ ಮನೆಯ ಕಾಂಕ್ರೀಟು ಜಗಲಿ ಜಾತಿ. ಒಣಗಿದ ಮೇಲೂ ಪ್ರತಿ ಮಳೆಗಾಲ ಅಡಿಯಿಂದ ತೇವ ಏರ್ತಾನೇ ಇರ್ತದೆ. ಮಹಡಿಯ ಸ್ಲ್ಯಾಬು ಮೆತ್ತಿನ ಜಾತಿ. ಅದರ ಅಡಿಗೆ ಕೋಣೆ ಇದೆ, ಗಾಳಿ ಇದೆ. ಒಂದು ಸಲ ಒಣಗಿದ್ರೆ ಮುಗೀತು. ಹಿರಿಯರು ಮರವನ್ನು ಮೆತ್ತಿನಲ್ಲಿ ಇಟ್ಟರು, ಜಗಲಿಯಲ್ಲಿ ಮಣ್ಣು ಇಟ್ಟರು. ಅದೇ ಲೆಕ್ಕ ಇವತ್ತಿಗೂ ನಡೀತದೆ. ಮರದ ನೆಲ ಮಾಡಿಸೋ ಆಸೆ ಇದ್ರೆ ಮಹಡಿ ಕೋಣೆಯಿಂದ ಶುರು ಮಾಡೋದು ಜಾಣತನ. ಕೆಳಗೇ ಬೇಕು, ಅಮ್ಮನಿಗೆ ಮೆಟ್ಟಿಲು ಹತ್ತೋಕಾಗೋದಿಲ್ಲ ಅಂದ್ರೆ, ಮನೆ ಕಟ್ಟುವಾಗಲೇ ಕಾಂಕ್ರೀಟಿನ ಅಡಿಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಕ್ಸಿ, ಒರಲೆ ಔಷಧಿ ಹೊಡೆಸಿ. ಆಮೇಲೆ ಒಡೆದು ಹಾಕೋಕಾಗೋದಿಲ್ಲ.

ನೆಲ ಒಣಗಿದೆಯಾ ಅಂತ ನೋಡೋದು ಸುಲಭ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆ ನೆಲದ ಮೇಲಿಟ್ಟು ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ ಒಂದು ದಿನ ಬಿಡಿ. ಎತ್ತಿದಾಗ ಹಾಳೆಯ ಒಳಗೆ ಬೆವರು ಕಂಡ್ರೆ, ಇಲ್ಲಾ ಕಾಂಕ್ರೀಟು ಅಲ್ಲಿ ಕಪ್ಪಾಗಿದ್ರೆ, ಇನ್ನೂ ಒಣಗಿಲ್ಲ ಅಂತ. ಎರಡು ಮೂರು ಕಡೆ ಮಾಡಿ ನೋಡಿ, ಬಚ್ಚಲ ಗೋಡೆ ಪಕ್ಕದಲ್ಲಿ ತಪ್ಪದೆ ಮಾಡಿ. ಇದರಲ್ಲಿ ಪಾಸಾದ್ರೂ ಕೆಳಗಿನ ಮನೆಗೆ ತೇವದ ಮೀಟರು ಇರೋ ಕೆಲಸದವರನ್ನೇ ಕರೆಸಿ ಒಮ್ಮೆ ಅಳೆಸೋದು ಒಳ್ಳೇದು.

ಅಂಗಡಿಯಲ್ಲಿ ಮರದ ನೆಲ ಅಂತ ತೋರಿಸೋದರಲ್ಲಿ ಮೂರು ಬಗೆ. ಒಂದು, ಲ್ಯಾಮಿನೇಟ್. ಮರದ ಪುಡಿ ಒತ್ತಿದ ಹಲಗೆ, ಮೇಲೆ ಮರದ ಚಿತ್ರದ ಕಾಗದ, ಅದರ ಮೇಲೆ ಗಟ್ಟಿ ಲೇಪ. 1977ರಲ್ಲಿ ಸ್ವೀಡನ್ನಿನಲ್ಲಿ ಹುಟ್ಟಿದ್ದು. ಅಗ್ಗ, ಗೀರು ಬೀಳೋದು ಕಡಿಮೆ, ಆದ್ರೆ ಸಂದಿಗೆ ನೀರು ಹೋಯ್ತೂಂದ್ರೆ ಅಂಚು ಊದಿ ನಿಲ್ತದೆ, ಮತ್ತೆ ಇಳಿಯೋದಿಲ್ಲ. ಎರಡು, ಎಂಜಿನಿಯರ್ಡ್ ಹಲಗೆ. ಪ್ಲೈವುಡ್ಡಿನ ಮೇಲೆ ಎರಡರಿಂದ ನಾಲ್ಕು ಮಿಲಿಮೀಟರು ನಿಜವಾದ ಮರ. ಪ್ಲೈನಲ್ಲಿ ಪದರಗಳನ್ನು ಅಡ್ಡಡ್ಡ ಕೂರಿಸಿರೋದ್ರಿಂದ ಮಳೆಗಾಲದಲ್ಲಿ ಕಡಿಮೆ ಊದ್ತದೆ. ಕಾಂಕ್ರೀಟಿನ ಮೇಲೆ ಹಾಕೋಕೆ, ನಮ್ಮ ಹವೆಗೆ, ಇದೇ ಹೆಚ್ಚು ಹೊಂದೋದು. ಮೂರು, ಇಡೀ ಮರದ ಹಲಗೆ. ಇದನ್ನು ಸೀದಾ ಕಾಂಕ್ರೀಟಿಗೆ ಅಂಟಿಸಿ ಹಾಕೋದಕ್ಕಿಂತ, ತೇವ ತಡೆಯೋ ಹಾಳೆ ಹಾಸಿ, ಅದರ ಮೇಲೆ ಔಷಧಿ ಹೊಡೆದ ರೀಪುಗಳನ್ನು ಕೂರಿಸಿ, ರೀಪಿನ ಮೇಲೆ ಹಲಗೆ ಹೊಡೆಯೋದು ವಾಸಿ. ಅಂದ್ರೆ ಮಣೆಯ ಹಂಗೆ.

ಇಲ್ಲಿ ಒಂದು ಮಾತು. ಹಳೇ ಮನೆ ಬಿಚ್ಚುವಾಗ ಮೆತ್ತಿನ ಹಲಗೆಗಳನ್ನು ಸೌದೆ ಲೆಕ್ಕದಲ್ಲಿ ಕೊಟ್ಟುಬಿಡ್ತಾರೆ. ಈಗ ತೋಪಿನ ಅಕೇಶಿಯಾ ಬಿಟ್ರೆ ಅಂಥ ಮರ ನಮಗೆ ಎಲ್ಲಿ ಸಿಗ್ತದೆ? ಹುಳ ಹಿಡಿಯದ ಹೊನ್ನೆಯೋ ಮತ್ತಿಯೋ ಇದ್ರೆ, ಮೊಳೆ ಕಿತ್ತು, ಬಡಗಿ ಹತ್ತಿರ ಹತ್ರಿ ಹೊಡೆಸಿ, ಹೊಸ ಮನೆಯ ಮಹಡಿ ಕೋಣೆಗೆ ರೀಪಿನ ಮೇಲೆ ಹಾಕ್ಸಬಹುದು. ಹತ್ತಾರು ವರ್ಷ ಹೊಗೆ ಕುಡಿದು ಒಣಗಿದ ಹಲಗೆ, ಹೊಸ ಮರದಷ್ಟು ಕುಗ್ಗೋದಿಲ್ಲ. ಅದರ ಮೇಲೆ ನಿಮ್ಮ ಅಜ್ಜಿ ಅಡಿಕೆ ಹರವಿದ್ರು ಅನ್ನೋದು ಬೇರೆ ಲಾಭ.

ಹಾಸುವಾಗ ನೀವು ಎದುರು ನಿಂತು ನೋಡಬೇಕಾದ ಕೆಲಸ ಇಷ್ಟು. ನೆಲ ಸಮ ಇರಬೇಕು. ಆರಡಿ ಉದ್ದದ ನೇರ ಪಟ್ಟಿ ಇಟ್ರೆ ಅಡಿಗೆ ಮೂರು ಮಿಲಿಮೀಟರಿಗಿಂತ ಹೆಚ್ಚು ಸಂದಿ ಕಾಣಬಾರದು. ಹಲಗೆಯ ಪೆಟ್ಟಿಗೆಗಳು ಕಮ್ಮಿ ಅಂದ್ರೂ ಎರಡು ದಿನ ಅದೇ ಕೋಣೆಯಲ್ಲಿ ಇರಬೇಕು, ಮರಕ್ಕೆ ಊರಿನ ಹವೆ ಒಗ್ಗಬೇಕು. ಲ್ಯಾಮಿನೇಟ್ ಇರಲಿ ಎಂಜಿನಿಯರ್ಡ್ ಇರಲಿ, ಕಾಂಕ್ರೀಟಿನ ಮೇಲೆ ಮೊದಲು 200 ಮೈಕ್ರಾನ್ ಪ್ಲಾಸ್ಟಿಕ್ ಹಾಳೆ. ಒಂದರ ಮೇಲೊಂದು ಅರ್ಧ ಅಡಿ ಏರಿ ಬರಬೇಕು, ಟೇಪ್ ಬೀಳಬೇಕು. ಅದರ ಮೇಲೆ ಎರಡು ಮೂರು ಮಿಲಿಮೀಟರು ಫೋಮ್, ಆಮೇಲೆ ಹಲಗೆ. ಗೋಡೆ ಸುತ್ತ 10ರಿಂದ 12 ಮಿಲಿಮೀಟರು ಸಂದಿ ಬಿಡಬೇಕು, ಸ್ಕರ್ಟಿಂಗ್ ಪಟ್ಟಿ ಅದನ್ನು ಮುಚ್ಚತದೆ. ಈ ಸಂದಿ ಬಿಡೋಕೆ ಉದಾಸೀನ ಮಾಡಿ, ಮಾರ್ಚ್ ತಿಂಗಳ ಒಣ ಹವೆಯಲ್ಲಿ ಗೋಡೆಗೆ ಒತ್ತಿ ಹಾಕಿದ ನೆಲ ಜುಲೈನಲ್ಲಿ ಕೋಣೆ ನಡುವೆ ಗುಡ್ಡ ಏಳ್ತದೆ. ದೀಪಾವಳಿ ಕಳೆದ ಮೇಲೆ, ಮಳೆಯ ತೇವ ಹೋಗಿ ಬಿಸಿಲಿನ ಬಿರುಸು ಇನ್ನೂ ಬಾರದ ಹೊತ್ತಲ್ಲಿ ಹಾಸಿದ್ರೆ ಮರ ಅತ್ತಲೂ ಇತ್ತಲೂ ಸ್ವಲ್ಪ ಸ್ವಲ್ಪವೇ ಹೋಗಿ ಬರ್ತದೆ. ಅಡುಗೆಮನೆ, ಬಚ್ಚಲು, ದೇವರ ಕೋಣೆಗೆ ಮರ ಬೇಡ. ಅಂಗಳದಿಂದ ಒದ್ದೆ ಕಾಲಲ್ಲಿ ಸೀದಾ ಒಳಗೆ ಬರೋ ಹೊಸ್ತಿಲ ಹತ್ತಿರವೂ ಬೇಡ.

ಹಾಸಿ ಆದ ಮೇಲಿನ ಮಾತು ಒರೆಸೋದು. ಫ್ರಾನ್ಸಿನ ವರ್ಸೈ ಅರಮನೆಯಲ್ಲಿ ಅಮೃತಶಿಲೆಯ ನೆಲವನ್ನು ಯಾವಾಗಲೂ ನೀರು ಹಾಕಿ ತೊಳೀತಿದ್ರಂತೆ. ನೀರು ಇಳಿದು ಅಡಿಗಿದ್ದ ತೊಲೆಗಳು ಕೊಳೆಯೋಕೆ ಶುರುವಾಗಿ, 1684ರಲ್ಲಿ ಕಲ್ಲು ತೆಗೆಸಿ ಮರದ ತುಂಡು ಜೋಡಿಸಿದ ನೆಲ ಮಾಡಿಸಿದ್ರು. ರಾಜನ ಮನೆಯಲ್ಲೂ ನೆಲ ಹೇಗಿರಬೇಕು ಅಂತ ಕೊನೆಗೆ ಹೇಳಿದ್ದು ತೊಳೆಯೋ ಬಕೆಟ್ಟು. ನಮ್ಮ ಕಡೆ ಬಕೆಟ್ ನೀರಿಲ್ಲದೆ ನೆಲ ಒರೆಸಿದ್ರೆ ಒರೆಸಿದಂಗೇ ಅಲ್ಲ ಅನ್ನೋ ಅಭ್ಯಾಸ. ಮರದ ನೆಲಕ್ಕೆ ದಿನಾ ಒಣ ಬಟ್ಟೆ, ವಾರಕ್ಕೊಮ್ಮೆ ಚೆನ್ನಾಗಿ ಹಿಂಡಿದ ಬಟ್ಟೆ, ಅಷ್ಟೇ. ನೀರು ಚೆಲ್ಲಿದ್ರೆ ಆಗಲೇ ಒರೆಸಬೇಕು. ಬಳಿಯೋ ಕಾಲದ ಬೆನ್ನುನೋವು ಇದರಲ್ಲಿಲ್ಲ, ಆದ್ರೆ ಎಚ್ಚರ ಬೇಕು.

ಇಷ್ಟು ಹೇಳಿದ್ದಕ್ಕೆ ಕಾರಣ ಒಂದೇ. ಮನೆಯ ನೆಲ ಯಾವುದು ಅಂತ ತೀರ್ಮಾನ ಮಾಡೋದು ಹೆಚ್ಚಾಗಿ ಗಂಡಸರು, ಇಂಜಿನಿಯರು, ಅಂಗಡಿಯವರು. ಬಳಿದದ್ದು, ತಿಕ್ಕಿದ್ದು, ಒರೆಸಿದ್ದು, ಅದರ ಥಂಡಿಗೆ ಕಾಲು ಕೊಟ್ಟದ್ದು ಹೆಂಗಸರು. ಈ ಸಲ ನಿಮ್ಮನೇಲಿ ನೆಲದ ಮಾತು ಬಂದ್ರೆ ನೀವೂ ಕೂತು ಕೇಳಿ: ಈ ಕಾಂಕ್ರೀಟು ಹಾಕಿ ಎಷ್ಟು ತಿಂಗಳಾಯ್ತು? ಅಡಿಗೆ ಹಾಳೆ ಹಾಕಿದ್ದಾರಾ? ಗೋಡೆ ಹತ್ತಿರ ಸಂದಿ ಬಿಡ್ತಾರಾ? ಅಮ್ಮ ರಾತ್ರಿ ಎದ್ದು ಓಡಾಡೋ ದಾರಿ ಯಾವುದು? ಇದಕ್ಕೆಲ್ಲ ಸರಿಯಾದ ಉತ್ತರ ಸಿಕ್ಕ ಮೇಲೆ ಬಣ್ಣ ಆರಿಸೋಕೆ ಅಂಗಡಿಗೆ ಹೋಗಿ. ಇಡೀ ಮನೆಗೆ ಬೇಡ, ಆ ಒಂದು ಕೋಣೆಗೆ ಹಾಕ್ಸಿ, ಒಂದು ಮಳೆಗಾಲ ದಾಟಲಿ. ಆಮೇಲೆ ಉಳಿದ ಕೋಣೆಗಳ ಮಾತಾಡಿದ್ರಾಯ್ತು.